ಮುರಿದದ್ದು ಬಾಲ್ ಅಲ್ಲ, ಕುತ್ತಿಗೆ

ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ಫಿಟ್ಟರ್. ಪಲ್ಪರ್, ಪಂಪು, ಡ್ರೈಯರ್, ಯಾವುದು ನಿಂತರೂ ನನ್ನನ್ನೇ ಕೂಗುತ್ತಾರೆ. ಆ ವರ್ಷ ಜನವರಿಯಲ್ಲಿ, ರೊಬಸ್ಟಾ ಕೊಯ್ಲಿನ ನಡುವೆಯೇ ಮಳೆ ಹಿಡಿಯಿತು. ಕಣದಲ್ಲಿ ಹರಡಿದ್ದ ಹಣ್ಣನ್ನೆಲ್ಲ ಟಾರ್ಪಾಲಿನ ಕೆಳಗೆ ಗುಡ್ಡೆ ಹಾಕಿ, ಡ್ರೈಯರನ್ನು ಹಗಲೂ ರಾತ್ರಿ ಓಡಿಸಬೇಕಾಯಿತು.

ಬಿಸಿಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ತಗಡಿನ ಬಾಗಿಲು, ಅಂದರೆ ಡ್ಯಾಂಪರನ್ನು ಅಲ್ಲಿಯವರೆಗೆ ಕೈಯಲ್ಲೇ ತಿರುಗಿಸುತ್ತಿದ್ದರು. ನಾನು ಜಾಣತನ ಮಾಡಿ, ಅದನ್ನು ತಾನೇ ತಳ್ಳಿ ಎಳೆಯುವ ಒಂದು ಆಕ್ಚುಯೇಟರ್ ಕೂರಿಸಿದ್ದೆ. ಅದರಿಂದ ಡ್ಯಾಂಪರ್ ಲಿವರಿಗೆ 300 ಮಿ.ಮೀ. ರಾಡ್, ಎರಡೂ ತುದಿಗೆ ಎಂ8 (8 ಮಿ.ಮೀ. ಥ್ರೆಡ್ಡಿನ) ಆಕ್ಸಿಯಲ್ ಬಾಲ್ ಜಾಯಿಂಟ್. ಬಾಲ್ ಜಾಯಿಂಟ್ ಅಂದರೆ ಕಡ್ಡಿಯ ತುದಿಯ ಗುಂಡು ಒಂದು ಸಾಕೆಟ್ಟಿನೊಳಗೆ ಕೂತು ತಿರುಗುವ ಕೀಲು.

ಆಕ್ಸಿಯಲ್ ಅಂದರೆ ಏನು ಅನ್ನುವವರು ಮಾರುತಿ 800ರ ಸ್ಟೇರಿಂಗ್ ನೆನಪಿಸಿಕೊಳ್ಳಿ. ಒಳಗಿನ ರ್‍ಯಾಕ್ ಎಂಡ್‌ನಲ್ಲಿ ಬಾಲಿನ ಕಡ್ಡಿಯೂ ರ್‍ಯಾಕೂ ಒಂದೇ ಗೆರೆಯಲ್ಲಿ ಇರುತ್ತವೆ. ಅದು ಆಕ್ಸಿಯಲ್. ಚಕ್ರದ ಕಡೆಯ ಟೈ ರಾಡ್ ಎಂಡ್‌ನಲ್ಲಿ ಕಡ್ಡಿ ಅಡ್ಡಕ್ಕೆ ನಿಂತಿರುತ್ತದೆ. ಅದು ಆಂಗಲ್ ಜಾಯಿಂಟ್. ಆಂಗಲ್‌ನಲ್ಲಿ ಬಲ ಪಕ್ಕಕ್ಕೆ ಬಿದ್ದು ಕಡ್ಡಿ ಬಾಗುತ್ತದೆ, ಆಕ್ಸಿಯಲ್‌ನಲ್ಲಿ ಎಳೆತ ನೇರ. ಇಷ್ಟು ಯೋಚಿಸಿಯೇ ಆಕ್ಸಿಯಲ್ ತಂದಿದ್ದೆ. ಅದನ್ನು ಕೂರಿಸಲು ಲಿವರಿಗೆ ಒಂದು ಎಲ್ ಪಟ್ಟಿ ವೆಲ್ಡ್ ಮಾಡಬೇಕಾಯಿತು. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ?

ಮೂರನೇ ರಾತ್ರಿ ಟಕ್ ಅಂತ ಸದ್ದು. ರಾಡ್ ಜೋತಾಡುತ್ತಿದೆ, ಡ್ಯಾಂಪರ್ ಪೂರ್ತಿ ತೆರೆದೇ ನಿಂತಿದೆ. ತೋಟದ ಲೆಕ್ಕ ಬರೆಯುವ ರೈಟರು ಟಾರ್ಚ್ ಹಿಡಿದು ಬಂದು, "ಬಾಲ್ ಸವೆದಿತ್ತೇನಪ್ಪಾ?" ಅಂದರು. ಲಿವರಿನ ಕಡೆಯ ಜಾಯಿಂಟ್ ಹೋಗಿತ್ತು, ಆದರೆ ಬಾಲ್ ಗ್ರೀಸಿನಲ್ಲಿ ಫಳಫಳ ಹೊಳೆಯುತ್ತಿತ್ತು. ಮುರಿದದ್ದು ಅದರ ಕೆಳಗಿನ ಕುತ್ತಿಗೆ, ಕಡ್ಡಿ ಸಣ್ಣಗಾಗುವ ಜಾಗ. ಸಾಕೆಟ್ಟನ್ನು ಬಟ್ಟೆಯಲ್ಲಿ ಒರೆಸಿ ನೋಡಿದೆ. ಬಾಯಿಯ ಅಂಚಿನಲ್ಲಿ ಎದುರುಬದುರಾಗಿ ಎರಡು ಅರ್ಧಚಂದ್ರದ ಗುರುತು, ಉಗುರು ಒತ್ತಿದ ಹಾಗೆ. ಕುತ್ತಿಗೆ ಅಲ್ಲಿಗೆ ಬಡಿದೂ ಬಡಿದೂ ತುಂಡಾಗಿತ್ತು.

ಆ ರಾತ್ರಿ ಒಬ್ಬ ಆಳನ್ನು ಡ್ಯಾಂಪರಿಗೆ ನಿಲ್ಲಿಸಿದೆವು. ಬೆಳಗ್ಗೆ ಮಗಳ ಜಾಮಿಟ್ರಿ ಬಾಕ್ಸಿನಿಂದ ಡಿಗ್ರಿ ಅಳೆಯುವ ಅರ್ಧವೃತ್ತ ತಂದು ಲಿವರಿಗೆ ಹಿಡಿದೆ. ನಡುವಿನಿಂದ ಆ ಕಡೆ 35, ಈ ಕಡೆ 35 ಡಿಗ್ರಿ. ನಾನು ತಂದ ಜಾಯಿಂಟ್ ಓಲುವುದು ಒಂದೊಂದು ಕಡೆಗೆ 18 ಡಿಗ್ರಿ ಮಾತ್ರ.

ಆಂಗಲ್ ಜಾಯಿಂಟಿನಲ್ಲಿ ಕಡ್ಡಿ ಲಿವರಿನ ಶಾಫ್ಟಿಗೆ ಸಮಾನಾಂತರವಾಗಿ ಕೂರುತ್ತದೆ. ಲಿವರ್ ಎಷ್ಟು ತಿರುಗಿದರೂ ಬಾಲ್ ತನ್ನಷ್ಟಕ್ಕೆ ಸುಮ್ನೆ ಸುತ್ತುತ್ತದೆ, ಓಲುವುದಿಲ್ಲ. ಆಕ್ಸಿಯಲ್‌ನಲ್ಲಿ ಲಿವರಿನ ಅಷ್ಟೂ ತಿರುಗು ಓಲಾಟವಾಗಿ ಕುತ್ತಿಗೆಯ ಮೇಲೆ ಬೀಳುತ್ತದೆ. ಬಲದ ಲೆಕ್ಕ ಸರಿಯಿತ್ತು. ತಿರುಗಿನ ಲೆಕ್ಕವನ್ನೇ ನಾನು ಹಾಕಿರಲಿಲ್ಲ.

ಹಾಗಾದರೆ ಆಕ್ಚುಯೇಟರಿನ ಕಡೆಯದು ಯಾಕೆ ಉಳಿಯಿತು? ಅಲ್ಲಿ ಆಕ್ಚುಯೇಟರಿನ ಶಾಫ್ಟ್ ನೇರ ಹೋಗಿ ನೇರ ಬರುತ್ತದೆ. ಲಿವರ್ 80 ಮಿ.ಮೀ. ಉದ್ದ. ಅದರ ತುದಿ ಕಮಾನಿನಲ್ಲಿ ಹೋಗುವಾಗ ಹೆಚ್ಚೆಂದರೆ 15 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. 300 ಮಿ.ಮೀ. ರಾಡಿಗೆ ಅದು 3 ಡಿಗ್ರಿಯೂ ಆಗುವುದಿಲ್ಲ. ಆಕ್ಸಿಯಲ್‌ಗೆ ಹೇಳಿ ಮಾಡಿಸಿದ ಜಾಗ ಅದು.

ಮೈಸೂರಿಗೆ ಹೋಗಿ 13 ಮಿ.ಮೀ. ಬಾಲಿನ ಎಂ8 ಆಂಗಲ್ ಜಾಯಿಂಟ್ ತಂದೆ, ಕ್ಲಿಪ್ ಇರುವುದು. ಡ್ರೈಯರ್ ನಡುಗುತ್ತದೆ, ಕ್ಲಿಪ್ ಇಲ್ಲದಿದ್ದರೆ ಬಾಲ್ ಯಾವಾಗ ಜಾರುತ್ತದೋ ಹೇಳಲಾಗುವುದಿಲ್ಲ. ಎಲ್ ಪಟ್ಟಿ ಕತ್ತರಿಸಿ, ಲಿವರಿಗೆ ಒಂದು ತೂತು ಕೊರೆದು ಕೂರಿಸಿದೆ. ಥ್ರೆಡ್ ಕಡಿಮೆ ಅಂದರೂ 12 ಮಿ.ಮೀ. ಒಳಗೆ ಹೋದ ಮೇಲೆಯೇ ಲಾಕ್ ನಟ್ ಬಿಗಿದೆ. ಹಳೆ ಎಂ8 ಹೊಸ ಎಂ8, ಥ್ರೆಡ್ ಒಂದೇ ಅಂತ ರೈಟರಿಗೆ ತೋರಿಸಿದರೆ, "ಮತ್ತೆ ಮೊದಲೇ ಇದನ್ನೇ ತರಬಾರದಿತ್ತಾ?" ಅಂದರು.

ಆಕ್ಚುಯೇಟರಿನ ಕಡೆ ಈಗಲೂ ಅದೇ ಹಳೆ ಆಕ್ಸಿಯಲ್ ಇದೆ. ನಮ್ಮ ಕೊಡಗಿನ ಮಳೆಗಾಲ ಬಿಡುತ್ತದೆಯೇ, ಅದರ ಮೇಲಿನ ಜಿಂಕ್ ಲೇಪ ಬಿಳಿ ಪುಡಿಯಾಗಿ ಉದುರುತ್ತಿದೆ. ಜೂನ್ ಬರುವ ಮೊದಲು ರಬ್ಬರ್ ಬೂಟ್ (ಮುಚ್ಚುವ ಟೊಪ್ಪಿ) ಇರುವ ಸ್ಟೇನ್‌ಲೆಸ್ ಸ್ಟೀಲಿನದು ಹಾಕಬೇಕು.