ಸೆಪ್ಟೆಂಬರ್‌ನಲ್ಲಿ ಶ್ರೀಲಂಕಾ: ತೋಟದ ಕೆಲಸ ನೋಡಿ ಹಾಕಿದ ದಾರಿ

ಶ್ರೀಲಂಕಾಕ್ಕೆ ಹೋಗಬೇಕು ಅಂತ ನಮ್ಮ ಮನೆಯಲ್ಲಿ ಮಾತು ಶುರುವಾಗಿ ಮೂರು ವರ್ಷವಾಯಿತು. ಪ್ರತಿ ಸಲ ಅಡ್ಡ ಬಂದಿದ್ದು ತೋಟ. ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರರು ನಾವು. ಹೋಗಿ ಬಂದವರೆಲ್ಲ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಿ, ಆಗ ದಕ್ಷಿಣ ಕರಾವಳಿಯ ಗಾಲೆ, ಮಿರಿಸ್ಸ ಕಡೆ ಸಮುದ್ರ ಚೆನ್ನಾಗಿರುತ್ತೆ ಅನ್ನುತ್ತಾರೆ. ಆದರೆ ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೋಬಸ್ಟಾ, ಕಣದಲ್ಲಿ ಹರವಿದ ಕಾಫಿ ಬಿಟ್ಟು ಯಾರು ಹೋಗುತ್ತಾರೆ? ಅದು ಮುಗಿಯುವಷ್ಟರಲ್ಲಿ ಮೆಣಸು, ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತೋ ಇಲ್ಲವೋ ಅಂತ ಆಕಾಶ ನೋಡುವುದು, ಬರದಿದ್ದರೆ ಸ್ಪ್ರಿಂಕ್ಲರ್. ಏಪ್ರಿಲ್‌ನಲ್ಲಿ ಬಿಡುವು ಮಾಡಿಕೊಳ್ಳೋಣ ಅಂದರೆ 13, 14ಕ್ಕೆ ಅಲ್ಲಿ ಸಿಂಹಳ ಮತ್ತು ತಮಿಳು ಹೊಸ ವರ್ಷ. ಅಂಗಡಿಗಳು ಮುಚ್ಚಿರುತ್ತವೆ, ಜನ ಎಲ್ಲ ನುವಾರ ಎಲಿಯ ಗುಡ್ಡ ಹತ್ತುತ್ತಾರೆ.

ಜುಲೈ, ಆಗಸ್ಟ್‌ನಲ್ಲಿ ನಮಗೆ ಕೆಲಸ ಕಮ್ಮಿ. ಆದರೆ 2018ರ ಆಗಸ್ಟ್ ನೋಡಿದ ಮೇಲೆ ಆ ತಿಂಗಳಲ್ಲಿ ಮನೆಗೆ ಬೀಗ ಹಾಕಿ ಹೊರಡಲು ನನಗೆ ಧೈರ್ಯವಿಲ್ಲ. ಮಾದಾಪುರ, ಹಟ್ಟಿಹೊಳೆ ಕಡೆ ರಸ್ತೆ ಸಮೇತ ಗುಡ್ಡ ಜಾರಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಉಳಿದಿದ್ದು ಸೆಪ್ಟೆಂಬರ್. ಈ ವರ್ಷ ಗಣೇಶ ಹಬ್ಬ 14ಕ್ಕೆ. ಗಣೇಶನನ್ನು ನೀರಿಗೆ ಬಿಟ್ಟು, 16ಕ್ಕೆ ವಿಮಾನ ಹತ್ತಿ, 27ಕ್ಕೆ ವಾಪಸ್. ಮಳೆ ಬಿಟ್ಟ ಮೇಲೆ ಕಾಫಿ ಗಿಡಕ್ಕೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವಷ್ಟರಲ್ಲಿ ಮನೆಯಲ್ಲಿರಬೇಕು.

ತಿಂಗಳು ಗೊತ್ತಾದ ಮೇಲೆ ದಾರಿ ತಾನಾಗಿ ಬದಲಾಯಿತು. ಆ ಪುಟ್ಟ ದೇಶಕ್ಕೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನಮ್ಮದೇ ನೈಋತ್ಯ ಮಳೆ, ಅದು ಕೊಲಂಬೊ, ಗಾಲೆ ಕಡೆಗೆ ಮತ್ತು ಬೆಟ್ಟಗಳ ಪಶ್ಚಿಮ ಮಗ್ಗುಲಿಗೆ ಸುರಿಯುತ್ತದೆ. ಆಗ ಪೂರ್ವದ ಕಡೆ ಬಿಸಿಲು. ವರ್ಷದ ಕೊನೆಗೆ ಈಶಾನ್ಯದ ಮಳೆ ಬಂದು ಪೂರ್ವ ಕರಾವಳಿ ನೆನೆಯುತ್ತದೆ. ನಡುವಿನ ಬೆಟ್ಟಗಳೇ ಇದಕ್ಕೆ ಕಾರಣ. ಸೋಮವಾರಪೇಟೆಯಲ್ಲಿ ಕೊಡೆ ಹಿಡಿದು ಹೊರಟು ಕುಶಾಲನಗರಕ್ಕೆ ಇಳಿದರೆ ಬಿಸಿಲು ಸಿಗುತ್ತದಲ್ಲ, ಹಾಗೆಯೇ. ಇದನ್ನು ತಿಳಿದ ಮೇಲೆ ಗಾಲೆ ಕೋಟೆಯನ್ನು ಪಟ್ಟಿಯಿಂದ ತೆಗೆದೆ. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಪೂರ್ವದ ಸಮುದ್ರದ ಫೋಟೊ ತೋರಿಸಿದ ಮೇಲೆ ಸರಿಹೋದಳು.

ಮೈಸೂರಿನ ಒಬ್ಬ ಟೂರ್ ಏಜೆಂಟ್ ಮೊದಲು ಕೊಟ್ಟ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಆರು ದಿನದಲ್ಲಿ ಕೊಲಂಬೊ, ಸಿಗಿರಿಯ, ಕ್ಯಾಂಡಿ, ನುವಾರ ಎಲಿಯ, ಯಾಲ, ಗಾಲೆ. ಸಣ್ಣ ದೇಶ ಮೇಡಂ, ಎಲ್ಲ ಹತ್ತಿರ ಹತ್ತಿರ ಅಂದರು. ಸಣ್ಣದು ನಿಜ, 65,610 ಚದರ ಕಿ.ಮೀ., ಕರ್ನಾಟಕದ ಮೂರನೇ ಒಂದು ಭಾಗದಷ್ಟು. ಆದರೆ ಬೆಟ್ಟದ ರಸ್ತೆಯನ್ನು ಕಿಲೋಮೀಟರ್‌ನಲ್ಲಿ ಅಳೆಯಬಾರದು ಅಂತ ಕೊಡಗಿನವರಿಗೆ ಯಾರಾದರೂ ಹೇಳಿಕೊಡಬೇಕಾ? ಕ್ಯಾಂಡಿಯಿಂದ ನುವಾರ ಎಲಿಯಕ್ಕೆ ಎಂಬತ್ತು ಕಿ.ಮೀ. ಕೂಡ ಇಲ್ಲ, ಹತ್ತಿರಹತ್ತಿರ ಮೂರು ಗಂಟೆ ಬೇಕು. ಕೊಲಂಬೊದಿಂದ ಕ್ಯಾಂಡಿಗೆ ಸುಮಾರು 115 ಕಿ.ಮೀ., ಅದಕ್ಕೂ ಮೂರು ಗಂಟೆಗಿಂತ ಜಾಸ್ತಿ, ಟ್ರಾಫಿಕ್ ಅಷ್ಟಿದೆ. ವೇಗದ ಮಿತಿ ಊರೊಳಗೆ 50, ಹೊರಗೆ 70. ಅದಕ್ಕೇ ಒಂದು ನಿಯಮ ಮಾಡಿಕೊಂಡೆವು. ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಸ್ಟೇರಿಂಗ್ ಹಿಂದೆ ಕೂರುವುದಿಲ್ಲ, ಒಂದೇ ಒಂದು ದಿನ ಬಿಟ್ಟು. ಅತ್ತೆಯ ಮಂಡಿಗೂ ಅದೇ ಒಳ್ಳೆಯದು.

ಈಗಿನ ದಾರಿ ಹೀಗಿದೆ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಒಂದೂವರೆ ಗಂಟೆ, ನಮ್ಮ ಮನೆಯಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಅದರ ಮೂರುಪಟ್ಟಿಗಿಂತ ಜಾಸ್ತಿ! ಅಲ್ಲಿನ ವಿಮಾನ ನಿಲ್ದಾಣ ಇರುವುದು ಕಟುನಾಯಕೆಯಲ್ಲಿ, ಪಕ್ಕದಲ್ಲೇ ನೆಗೊಂಬೊ, ಮೊದಲ ರಾತ್ರಿ ಅಲ್ಲೇ. ಕೊಲಂಬೊ ಒಳಗೆ ಕಾಲಿಡುವುದೇ ಇಲ್ಲ. ಮರುದಿನ ಪುತ್ತಳಂ ಮೇಲೆ ಅನುರಾಧಪುರ, ಅಲ್ಲಿನ ಬೋಧಿವೃಕ್ಷ ನೋಡಿ ಹಬರಣಕ್ಕೆ, ಅಲ್ಲಿ ಎರಡು ರಾತ್ರಿ. ಸಿಗಿರಿಯ ಬಂಡೆ ಸುತ್ತಲಿನ ಕಾಡಿನಿಂದ ಸುಮಾರು 200 ಮೀಟರ್ ಎತ್ತರ, ಐದನೇ ಶತಮಾನದಲ್ಲಿ ಕಾಶ್ಯಪ ಎಂಬ ರಾಜ ಅದರ ನೆತ್ತಿಯ ಮೇಲೆ ಅರಮನೆ ಕಟ್ಟಿಸಿಕೊಂಡಿದ್ದ. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೇ ಹತ್ತಬೇಕು, ಬಿಸಿಲು ಏರಿದರೆ ಬಂಡೆ ಕಾದುಬಿಡುತ್ತೆ. ಅತ್ತೆ ಕೆಳಗಿನ ಉದ್ಯಾನದಲ್ಲಿ ಕೂರುತ್ತಾರೆ.

ಹಬರಣದ ಹತ್ತಿರ ಮಿನ್ನೇರಿಯ ಕೆರೆ ಇದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸುತ್ತಲಿನ ಕಾಡು ಒಣಗಿ, ಕೆರೆ ಹಿಂದೆ ಸರಿದ ಕಡೆ ಹೊಸ ಹುಲ್ಲು ಬಂದಾಗ ಆನೆಗಳು ನೂರರ ಲೆಕ್ಕದಲ್ಲಿ ಸೇರುತ್ತವೆ. ಇದನ್ನು ಕೇಳಿ ಅತ್ತೆ, "ನಮ್ಮ ಹಲಸಿನ ಮರಕ್ಕೆ ಬಂದರೆ ಪಟಾಕಿ ಹೊಡೆದು ಓಡಿಸ್ತೀರಿ, ಅಲ್ಲಿ ದುಡ್ಡು ಕೊಟ್ಟು ನೋಡ್ಬೇಕಾ?" ಅಂದರು. ನನಗೆ ಮಾತ್ರ ನೋಡಲೇಬೇಕು. ಆನೆ ಅಂದರೆ ಭಯ, ಬೇಲಿ, ರಾತ್ರಿ ನಿದ್ದೆಗೇಡು ಅಂತಲೇ ಬೆಳೆದವಳು ನಾನು. ಹೆದರದೆ ಒಂದು ಸಂಜೆ ಪೂರ್ತಿ ಮರಿಗಳ ಜೊತೆ ಮೇಯುವುದನ್ನು ನೋಡಬೇಕು ಅಂತ ಆಸೆ. ಆ ಭಾಗದ ರಸ್ತೆಗಳಲ್ಲೂ ಕತ್ತಲಾದ ಮೇಲೆ ಆನೆ ದಾಟುತ್ತವೆ, ಹಾಗಾಗಿ ಆರು ಗಂಟೆ ನಂತರ ಗಾಡಿ ಓಡಿಸುವುದಿಲ್ಲ.

ಅಲ್ಲಿಂದ ತ್ರಿಂಕೋಮಲಿ, ಬಂಡೆಯ ಮೇಲಿನ ಕೋಣೇಶ್ವರ, ಕೆಳಗೆ ಸಮುದ್ರ. ಎರಡು ರಾತ್ರಿ. ನಂತರ ಕರಾವಳಿ ಹಿಡಿದು ಬಟ್ಟಿಕಲೋವಾ ದಾಟಿ ಅರುಗಂ ಬೇ ಎಂಬ ಊರಿನವರೆಗೆ, ಇದೇ ಆ ಒಂದು ಉದ್ದದ ದಿನ, ಇನ್ನೂರು ಕಿ.ಮೀ. ಮೇಲೆ. ಆದರೆ ಬಯಲು ರಸ್ತೆ. ಈ ಭಾಗದಲ್ಲಿ ತಮಿಳು ನಡೆಯುತ್ತದೆ, ತೋಟದ ಲೈನ್ ಮನೆಯ ಕೂಲಿಯವರ ಜೊತೆ ಮಾತಾಡಿ ಕಲಿತ ನಮ್ಮ ತಮಿಳು ಅಲ್ಲಿ ಎಷ್ಟು ದೂರ ಬರುತ್ತೋ ನೋಡಬೇಕು. ಮಾರನೇ ದಿನ ಮೊನರಾಗಲ, ವೆಲ್ಲವಾಯ ಮೇಲೆ ಬೆಟ್ಟ ಹತ್ತಿ ಎಲ್ಲ ಎಂಬ ಊರು. ಸಿಂಹಳದಲ್ಲಿ ಎಲ್ಲ ಅಂದರೆ ಜಲಪಾತ. ಊರಿಗೆ ಮೊದಲೇ ದಾರಿ ಬದಿಯಲ್ಲಿ ರಾವಣನ ಹೆಸರಿನ ಜಲಪಾತ ಸಿಗುತ್ತದೆ. ಊವ ಪ್ರಾಂತ್ಯದ ಈ ಮಗ್ಗುಲಿಗೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಒಣ ಗಾಳಿ ಬೀಸುತ್ತೆ, ಇಲ್ಲಿನ ಚಹಾಕ್ಕೆ ಒಳ್ಳೆಯ ಘಮ ಬರುವುದೂ ಆ ಗಾಳಿಯಿಂದಲೇ. ಆಮೇಲೆ ವೆಲಿಮಡ ದಾರಿಯಲ್ಲಿ ಸೀತಾ ಎಲಿಯ, ಅಲ್ಲಿ ಸೀತಮ್ಮನ ಗುಡಿ ಇದೆ. ಅತ್ತೆ ಈ ಪ್ರವಾಸಕ್ಕೆ ಒಪ್ಪಿದ್ದೇ ಆ ಗುಡಿಗಾಗಿ. ನುವಾರ ಎಲಿಯದಲ್ಲಿ ಮಳೆ ಬಂದರೆ ಬರಲಿ, ಮಳೆಯಲ್ಲಿ ಗಾಡಿ ಓಡಿಸುವುದು ನನಗೆ ಹೊಸದಲ್ಲ. ಕೊನೆಯ ರಾತ್ರಿ ಕ್ಯಾಂಡಿ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಗೂ ಸರ್ಕಾರಿ ರಜೆ, ನಮ್ಮ ಹುಣ್ಣಿಮೆ ಸರಿಯಾಗಿ ಕ್ಯಾಂಡಿಗೇ ಬೀಳುತ್ತೆ, ಬುದ್ಧನ ಹಲ್ಲು ಇಟ್ಟಿರುವ ದಂತಧಾತುವಿನ ದೇವಾಲಯದ ಸುತ್ತ ಜನ ಜಾಸ್ತಿ ಇರುತ್ತಾರೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಬುಕ್ ಮಾಡಿದ್ದು ಕ್ಯಾಂಡಿಯ ರೂಮು.

ಗಾಡಿ ನಾನೇ ಓಡಿಸುತ್ತೇನೆ. ಅಲ್ಲೂ ನಮ್ಮ ಹಾಗೆ ಎಡಗಡೆ ಸಂಚಾರ. ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿದರೆ ಸಾಕು ಅಂದುಕೊಂಡಿದ್ದೆ, ಅಷ್ಟೇ ಸಾಲದು, ಅಲ್ಲಿ ಅದಕ್ಕೆ ಮತ್ತೊಂದು ಅನುಮತಿ ಬೇಕು. ಕಾರು ಬಾಡಿಗೆಗೆ ಕೊಡುವವರಿಗೆ ಮೊದಲೇ ಕಾಗದ ಕಳಿಸಿದರೆ ಅವರೇ ಮಾಡಿಸಿಕೊಡುತ್ತೇವೆ ಅಂದಿದ್ದಾರೆ. ನೀವೂ ಹೋಗುವುದಾದರೆ ಇದನ್ನು ಮೊದಲೇ ಕೇಳಿ, ಕೊನೆ ಗಳಿಗೆಗೆ ಬಿಡಬೇಡಿ.

2025ರ ನವೆಂಬರ್ ಕೊನೆಗೆ ದಿತ್ವಾ ಚಂಡಮಾರುತ ಬಂದಾಗ ಕ್ಯಾಂಡಿ, ಬದುಳ್ಳ, ನುವಾರ ಎಲಿಯ ಜಿಲ್ಲೆಗಳಲ್ಲಿ ಗುಡ್ಡಗಳು ಕುಸಿದು ಊರುಗಳೇ ಮಣ್ಣಿನಡಿ ಹೋದವು. ಆ ವಿಡಿಯೊಗಳನ್ನು ನನಗೆ ಪೂರ್ತಿ ನೋಡಲಾಗಲಿಲ್ಲ. ನಾವು ಹೋಗುವುದು ಆ ಬೆಟ್ಟಗಳಿಗೇ. ಹೊರಡುವ ವಾರ ಯಾವ ರಸ್ತೆ ತೆರೆದಿದೆ ಅಂತ ಇನ್ನೊಮ್ಮೆ ಕೇಳಬೇಕು. ಮತ್ತೆ ದೊಡ್ಡ ಹೋಟೆಲ್ ಬಿಟ್ಟು ಮನೆಯವರೇ ನಡೆಸುವ ಹೋಂಸ್ಟೇಗಳಲ್ಲೇ ಉಳಿಯೋಣ ಅಂತ ತೀರ್ಮಾನ ಮಾಡಿದ್ದೇವೆ. 2018ರ ನಂತರ ನಮ್ಮಲ್ಲಿ ಪ್ರವಾಸಿಗರು ನಿಂತುಹೋದಾಗ ಎಷ್ಟು ಮನೆಗಳಿಗೆ ಕಷ್ಟವಾಯಿತು ಅಂತ ಗೊತ್ತಿದೆಯಲ್ಲ.

ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಗುಡಿ, ಸಮುದ್ರ ಯಾವುದೂ ಅಷ್ಟು ಮುಖ್ಯವಲ್ಲ. ಅವರ ತಲೆಯಲ್ಲಿ ಇರುವುದು ಕಾಫಿಯ ಎಲೆ ತುಕ್ಕು ರೋಗ. ಈಗ ಚಹಾ ಇರುವ ಆ ಬೆಟ್ಟಗಳಲ್ಲಿ ಮೊದಲು ಇದ್ದಿದ್ದು ಕಾಫಿ, ತಮಿಳುನಾಡಿನಿಂದ ಕೂಲಿಯವರನ್ನು ಕರೆದುಕೊಂಡು ಹೋಗಿದ್ದೂ ಮೊದಲು ಕಾಫಿಗಾಗಿಯೇ. 1869ರಲ್ಲಿ ತುಕ್ಕು ಕಾಣಿಸಿಕೊಂಡಿತು, ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ತೋಟಗಳು ಖಾಲಿಯಾದವು. ನಾವು ಈಗಲೂ ಬೋರ್ಡೋ ಹೊಡೆಯುವುದು ಅದೇ ರೋಗಕ್ಕೆ. ಕ್ಯಾಂಡಿಯ ಹತ್ತಿರ ಲೂಲ್‌ಕಂಡೆರದಲ್ಲಿ ಜೇಮ್ಸ್ ಟೇಲರ್ 1867ರಲ್ಲಿ ನೆಟ್ಟ ಚಹಾ ತೋಟ ಇದೆ, ಕೊನೆಯ ದಿನ ಬೆಳಿಗ್ಗೆ ಅಲ್ಲಿಗೆ ಹೋಗೋಣ ಅನ್ನುತ್ತಾರೆ. ವಿಮಾನಕ್ಕೆ ಹೊತ್ತಾಗುತ್ತೆ ಅಂತ ನಾನು. ಈ ಜಗಳ ಇನ್ನೂ ಮುಗಿದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ರೋಗ ನಮ್ಮ ಜೊತೆ ತೋಟಕ್ಕೆ ಬರಬಾರದು, ಹಾಗಾಗಿ ಗಿಡ, ಬೀಜ, ಎಲೆ ಏನೂ ತರುವುದಿಲ್ಲ. ಅಲ್ಲಿ ತೋಟಗಳಲ್ಲಿ ಓಡಾಡಿದ ಬಟ್ಟೆ, ಚಪ್ಪಲಿಗಳನ್ನು ಬೆಂಗಳೂರಿನಲ್ಲಿ ನಾದಿನಿಯ ಮನೆಯಲ್ಲೇ ತೊಳೆದು ಒಣಗಿಸಿ, ಆಮೇಲೆ ಊರಿಗೆ ಬರುವುದು.