ಏರೋಪ್ಲೇನ್ ಚಿಟ್ಟೆಯ ರೆಕ್ಕೆ, ಮೂತ್ರದ ಪೈಪು

ಆಸ್ಪತ್ರೆಯಲ್ಲಿ ಹಾಕುವ ಪೈಪಿನಿಂದಲೇ ಸೋಂಕು ಬರಬಹುದು ಅನ್ನೋದು ನಮ್ಮ ಗಂಗಾವತಿ ಕಡೆ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ. ದೊಡ್ಡಪ್ಪನಿಗೆ ಲಕ್ವ ಹೊಡೆದು ಬಳ್ಳಾರಿಯಲ್ಲಿ ಸೇರಿಸಿದಾಗ ಮೂತ್ರಕ್ಕೆ ಪೈಪು ಹಾಕಿದ್ದರು. ಸ್ವಲ್ಪ ದಿನಕ್ಕೇ ಚಳಿಜ್ವರ ಬಂತು. ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಹೇಳುವ ಕಲ್ಚರ್ ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಅಂತ ಹೆಸರು, ಕೆಳಗೆ ಔಷಧಿಗಳ ಉದ್ದ ಪಟ್ಟಿ, ಹೆಚ್ಚುಕಡಿಮೆ ಎಲ್ಲದರ ಮುಂದೆಯೂ 'ಆರ್'. ಅಂದರೆ ಆ ಔಷಧಿ ಈ ಬ್ಯಾಕ್ಟೀರಿಯಾಗೆ ನಾಟುವುದಿಲ್ಲ. "ಬೇರೆ ಇಂಜೆಕ್ಷನ್ ಇಲ್ಲೇನಪ್ಪಾ?" ಅಂತ ದೊಡ್ಡಮ್ಮ ಕೇಳುತ್ತಲೇ ಇದ್ದರು.

ನೀರಿನ ತೊಟ್ಟಿಯ ಗೋಡೆಗೆ ಲೋಳೆ ಹಿಡಿಯುತ್ತದಲ್ವಾ, ಬ್ಯಾಕ್ಟೀರಿಯಾ ಪೈಪಿಗೂ ಹಾಗೇ ಅಂಟಿಕೊಂಡು ಪದರ ಕಟ್ಟುತ್ತವೆ. ಇದೇ ಬಯೋಫಿಲ್ಮ್. ಒಳಗಿನವಕ್ಕೆ ಔಷಧಿ ಸರಿಯಾಗಿ ತಲುಪುವುದಿಲ್ಲ. ತಲುಪಿದರೂ ಎಷ್ಟೋ ಬ್ಯಾಕ್ಟೀರಿಯಾ ಬೆಳವಣಿಗೆಯನ್ನೇ ನಿಧಾನ ಮಾಡಿಕೊಂಡಿರುತ್ತವೆ, ಬೆಳೆಯುವ ಜೀವಕೋಶವನ್ನೇ ಹೊಡೆಯುವ ಔಷಧಿಗಳಿಗೆ ಅವು ಸಿಗುವುದಿಲ್ಲ.

ಹಾಗಾದರೆ ಅಂಟಿಕೊಳ್ಳಲಿಕ್ಕೇ ಬಿಡಬಾರದು. ಅದಕ್ಕೇ ಪೈಪಿಗೆ ಬೆಳ್ಳಿಯ ನ್ಯಾನೋ ಕಣ ಲೇಪಿಸುವ ಪ್ರಯತ್ನ ನಡೆದಿದೆ. ಬೆಳ್ಳಿಯ ಅಯಾನು, ಅಂದರೆ ವಿದ್ಯುದಾವೇಶ ಇರುವ ಬೆಳ್ಳಿಯ ಪರಮಾಣು, ಬ್ಯಾಕ್ಟೀರಿಯಾದ ಪೊರೆ ಕೆಡಿಸಿ, ಪ್ರೋಟೀನುಗಳಿಗೂ ಅಂಟಿ ಕೆಲಸ ನಿಲ್ಲಿಸುತ್ತದೆ. ಆದರೆ ಬೆಳ್ಳಿ ಅಂದ ತಕ್ಷಣ ನಂಬಿಬಿಡಬೇಡಿ. ಬ್ರಿಟನ್ನಿನಲ್ಲಿ 7,000ಕ್ಕೂ ಹೆಚ್ಚು ರೋಗಿಗಳಿದ್ದ ಪರೀಕ್ಷೆಯಲ್ಲಿ ಬೆಳ್ಳಿ ಮಿಶ್ರಲೋಹ ಲೇಪಿಸಿದ ಪೈಪನ್ನು ಮಾಮೂಲಿ ಪೈಪಿನ ಜೊತೆ ಹೋಲಿಸಿ ನೋಡಿ, 2012ರಲ್ಲಿ ಫಲಿತಾಂಶ ಕೊಟ್ಟರು. ಸ್ವಲ್ಪ ದಿನಕ್ಕೆ ಪೈಪು ಹಾಕಿಸಿಕೊಂಡವರಲ್ಲಿ ಸೋಂಕು ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಬೆಳ್ಳಿಗೂ ಬಗ್ಗದ ಬ್ಯಾಕ್ಟೀರಿಯಾ 1970ರ ದಶಕದಲ್ಲೇ ಅಮೆರಿಕದ ಸುಟ್ಟಗಾಯದ ವಾರ್ಡಿನಲ್ಲಿ ಸಿಕ್ಕಿತ್ತು.

ನನಗೆ ಜಾಸ್ತಿ ಭರವಸೆ ಇರೋದು ಇನ್ನೊಂದು ದಾರಿಯ ಮೇಲೆ: ಪೈಪಿನ ಮೈಯ ಆಕಾರದಿಂದಲೇ ಬ್ಯಾಕ್ಟೀರಿಯಾ ಕೊಲ್ಲೋದು. ಜೀರುಂಡೆಯಂತೆ ಕಿರುಗುಟ್ಟುವ ಸಿಕಾಡಾ ಕೀಟದ ರೆಕ್ಕೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂಬಗಳಿವೆ. ಅಲ್ಲಿ ಕೂತ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಪೊರೆ ಎಳೆದು ಹರಿಯುತ್ತದೆ ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ಮರುವರ್ಷ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಲ್ಲೂ ಇದೇ ಗುಣ ಕಂಡಿತು. ನಮ್ಮ ಭತ್ತದ ಗದ್ದೆಗಳ ಮೇಲೆ ಸುಮ್ನೆ ಹಾರಾಡುವ ಆ ಜಾತಿಯ ಹುಳು! ಔಷಧಿಯೇ ಇಲ್ಲ, ಬರೀ ಆಕಾರದಿಂದ ಸಾವು. ಇದರಿಂದ ತಪ್ಪಿಸಿಕೊಳ್ಳುವುದನ್ನು ಕಲಿಯೋದು ಬ್ಯಾಕ್ಟೀರಿಯಾಗೆ ಕಷ್ಟ. ತೊಡಕೂ ಇದೆ. ಸತ್ತವು ಮೇಲೆ ಗುಡ್ಡೆಯಾದರೆ ಕಂಬಗಳು ಮುಚ್ಚಿಹೋಗುತ್ತವೆ, ಮೆತ್ತಗಿನ ಪೈಪಿನ ಮೇಲೆ ಅವನ್ನು ಮೂಡಿಸೋದೂ ಸುಲಭವಲ್ಲ.

ಅದು ನಮ್ಮ ವಾರ್ಡಿಗೆ ಬರೋವರೆಗೆ, ರೌಂಡ್ಸಿಗೆ ಬಂದ ಡಾಕ್ಟರನ್ನು ದಿನಾ ಕೇಳಿ: "ಸರ್, ಪೈಪು ಇನ್ನೂ ಬೇಕಾ?" ಜಾಸ್ತಿ ದಿನ ಇದ್ದಷ್ಟೂ ಸೋಂಕಿನ ಅಪಾಯ ಜಾಸ್ತಿ. ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ ಮೂತ್ರದ ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲೆ ಇಟ್ಟಿದ್ದರೆ ಕೆಳಗಿಳಿಸಿ, ನೆಲಕ್ಕೆ ತಾಗದಂತೆ ಸ್ಟ್ರೆಚರಿನ ಪಕ್ಕಕ್ಕೆ ತೂಗುಹಾಕಿ. ಮೇಲಿದ್ದರೆ ಬ್ಯಾಗಿನ ಮೂತ್ರ ವಾಪಸ್ ಒಳಗೆ ಹರಿಯುತ್ತದೆ.