ಮುಳುಗಡೆಯ ಊರನ್ನು ಹುಡುಕಿ ಬರುವವರು

ಭಾನುವಾರ, 12 ಮೇ 2024

ಹೋದ ವರ್ಷ ಮುಂಗಾರು ಕೈಕೊಟ್ಟದ್ದರಿಂದ ಲಿಂಗನಮಕ್ಕಿ ಜಲಾಶಯದ ನೀರು ಈ ಬೇಸಿಗೆಯಲ್ಲಿ ಬಹಳ ಕೆಳಗಿಳಿದಿದೆ. ಜಲಾಶಯದಲ್ಲಿ ಮುಳುಗಿದ್ದ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮತ್ತೆ ಹೊರಗೆ ಕಾಣಿಸಿಕೊಂಡಿರುವುದರಿಂದ ನೋಡಲು ಬರುವವರು ಹೆಚ್ಚಿದ್ದಾರೆ. ಬಹುಪಾಲು ಜನ ಫೋಟೊ ತೆಗೆದುಕೊಂಡು ಮರಳುತ್ತಾರೆ. ಕೆಲವರು ಮಾತ್ರ ಅಣೆಕಟ್ಟಿನ ಕಡೆ ನೋಡದೆ, ಬಿರುಕುಬಿಟ್ಟ ಕೆಸರಿನ ಬಯಲಿನಲ್ಲಿ ತಮ್ಮ ಊರನ್ನು ಹುಡುಕುತ್ತ ನಡೆಯುತ್ತಾರೆ. ಇಂದು ನನ್ನ ಸೋದರತ್ತೆ ಹಾಗೆಯೇ ನಡೆದರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯಲ್ಲಿ ನೀರು ನಿಂತಾಗ ಹಳೆಯ ಅಣೆಕಟ್ಟಿನ ಜೊತೆಗೆ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳೂ ಮುಳುಗಿದವು. ಆಗ ಅತ್ತೆ ಇನ್ನೂ ಚಿಕ್ಕ ಹುಡುಗಿ. ಇಂದು ಅವರಿಗೆ ಗುರುತು ಹೇಳಲು ಮರವಿರಲಿಲ್ಲ, ಗೋಡೆಯಿರಲಿಲ್ಲ. ಆದರೂ ಇಳಿಜಾರಿನ ಒಂದು ತಿರುವಿನಲ್ಲಿ ಥಟ್ಟನೆ ನಿಂತು, "ಇಲ್ಲೇ ದಣಪೆ ಇತ್ತು ಕಣೋ, ಇದನ್ನ ದಾಟಿದ್ರೆ ನಮ್ಮ ಅಂಗಳ" ಎಂದರು. ದಣಪೆಯೆಂದರೆ ಬೇಲಿಯ ನಡುವೆ ದಾಟಲು ಬಿಡುವ ಗಳಗಳ ಬಾಗಿಲು. ಹತ್ತು ಹೆಜ್ಜೆ ಮುಂದೆ, ಹೂಳು ತುಂಬಿದ ಬಾವಿಯೊಂದರ ಚಿರೆಕಲ್ಲಿನ ಕಟ್ಟೆ ಅರ್ಧ ಎದ್ದು ನಿಂತಿತ್ತು. ಬಾವಿಯನ್ನು ಕಂಡದ್ದೇ ತಡ, ಯಾವ ಹಬ್ಬಕ್ಕೆ ಯಾರು ನೀರು ಸೇದಿದರು, ಯಾರ ಕೊಡ ಒಳಗೆ ಬಿತ್ತು ಎಂಬುದೆಲ್ಲ ಒಂದರ ಹಿಂದೊಂದು ನೆನಪಾಗತೊಡಗಿತು. ಮನೆಯಲ್ಲಿ ಎಷ್ಟು ಕೇಳಿದರೂ ಅವರು ಹೇಳದಿದ್ದ ಸಂಗತಿಗಳಿವು.

ಇದಕ್ಕೆ ಮಿದುಳಿನಲ್ಲಿಯೇ ಒಂದು ಕಾರಣವಿದೆ. 1971ರಲ್ಲಿ ನರವಿಜ್ಞಾನಿ ಜಾನ್ ಓಕೀಫ್ ಇಲಿಗಳ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ಪ್ರಾಣಿ ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ನರಕೋಶಗಳನ್ನು ಗುರುತಿಸಿದರು. ಆ ಕೆಲಸಕ್ಕೆ 2014ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಮನುಷ್ಯರಲ್ಲಿ ಬದುಕಿನ ಘಟನೆಗಳ ನೆನಪು ರೂಪುಗೊಳ್ಳುವುದಕ್ಕೂ ಇದೇ ಭಾಗ ಬೇಕು. ನಡೆದದ್ದರ ನೆನಪೂ ನಡೆದ ಜಾಗದ ನೆನಪೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವಾಗ, ಜಾಗ ಹೋದರೆ ಬದುಕಿನ ಒಂದು ಭಾಗಕ್ಕೆ ಹೋಗುವ ದಾರಿಯೇ ಮುಚ್ಚಿದಂತಾಗುತ್ತದೆ.

ಅಮೆರಿಕದ ಬಾಸ್ಟನ್ ನಗರದ ವೆಸ್ಟ್ ಎಂಡ್ ಬಡಾವಣೆಯನ್ನು ಕೊಳೆಗೇರಿಯೆಂದು ಘೋಷಿಸಿ 1950ರ ದಶಕದ ಕೊನೆಯಲ್ಲಿ ಕೆಡವಲಾಯಿತು. ಅಲ್ಲಿಂದ ಎದ್ದುಹೋದವರನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಮಾರ್ಕ್ ಫ್ರೀಡ್, ಅವರಲ್ಲಿ ಅನೇಕರ ಸಂಕಟವು ಸತ್ತವರಿಗಾಗಿ ಪಡುವ ದುಃಖದಂತೆಯೇ ಇತ್ತೆಂದು 1963ರಲ್ಲಿ ಬರೆದರು. ನಮ್ಮ ಮುಳುಗಡೆಯ ಪರಿಹಾರದ ಲೆಕ್ಕದಲ್ಲಿ ಗದ್ದೆಗೆ ಬೆಲೆಯಿದೆ, ಅಡಿಕೆ ಮರಕ್ಕೆ ಬೆಲೆಯಿದೆ. ದಣಪೆಯಿಂದ ಬಾವಿಗೆ ದಿನವೂ ನಡೆದ ದಾರಿಗೆ ಯಾವ ಕಾಲಂ ಕೂಡ ಇಲ್ಲ.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಬೇರೆಯೇ ಸಂಗತಿ. ಮುಳುಗಡೆ ಸಂತ್ರಸ್ತರು ಕಾಡಿನಂಚಿನ ಹೊಸ ನೆಲದಲ್ಲಿ ಮನೆ ಕಟ್ಟಿ, ಬಾವಿ ತೋಡಿ, ದೇವರನ್ನು ಕೂರಿಸಿ, ಅರವತ್ತು ವರ್ಷ ದುಡಿದು ಆ ನೆಲವನ್ನೂ ತಮ್ಮದಾಗಿಸಿಕೊಂಡಿದ್ದಾರೆ. ಆದರೆ ಅದರಲ್ಲಿ ಬಹಳಷ್ಟು ದಾಖಲೆಯಲ್ಲಿ ಇಂದಿಗೂ ಅರಣ್ಯಭೂಮಿಯೇ ಆಗಿರುವುದರಿಂದ ಸಾವಿರಾರು ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿಲ್ಲ. ಒಮ್ಮೆ ಊರು ಕಳೆದುಕೊಂಡವರ ಮಕ್ಕಳಿಗೆ, ತಾವು ಹುಟ್ಟಿ ಬೆಳೆದ ಈ ಎರಡನೆಯ ಊರಾದರೂ ಉಳಿಯುತ್ತದೆ ಎಂಬ ಭರವಸೆಯನ್ನು ಕೊಡಲು ಇನ್ನೆಷ್ಟು ತಲೆಮಾರು ಬೇಕು?